ಹೊಳೆಯುವ ಕಾರ್ಡು ಬೇರೆ, ಗೆಲ್ಲಿಸುವ ಕಾರ್ಡು ಬೇರೆ

ಜೂನ್ ತಿಂಗಳ ಒಂದು ಭಾನುವಾರ. ಮಂಗಳೂರಿನ ಬಿಜೈಯ ನಮ್ಮ ಮನೆಯ ಹೆಂಚಿನ ಮೇಲೆ ಮಳೆ ಬಡಿಯುತ್ತಿತ್ತು. ಅಕ್ಕನ ಮಗ ಉಡುಪಿಯಿಂದ ಬಸ್ಸಿನಲ್ಲಿ ಬಂದಿಳಿದ. ತಲೆ ಒದ್ದೆ, ಬ್ಯಾಗು ಒದ್ದೆ. ಆದರೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದ ಪೋಕೆಮಾನ್ ಕಾರ್ಡುಗಳಿಗೆ ಒಂದು ಹನಿಯೂ ತಾಗಿರಲಿಲ್ಲ. ಮೇಲಿದ್ದ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದ.

"ಮಾವ, ಚಾರಿಜಾರ್ಡ್. ಭಾರೀ ಪವರ್ ಉಂಟು ಇದಕ್ಕೆ. ನಾಲ್ಕು ಸಾಮಾನ್ಯ ಕಾರ್ಡು ಕೊಟ್ಟು ತಗೊಂಡೆ."

"ಯಾವ ನಾಲ್ಕು ಮಾರಾಯ?"

ಎರಡು ಅಲ್ಟ್ರಾ ಬಾಲ್, ಎರಡು ಪ್ರೊಫೆಸರ್ಸ್ ರಿಸರ್ಚ್. ಹೊಡೆಯುವ ಕಾರ್ಡುಗಳಲ್ಲ, ಬೇಕಾದದ್ದನ್ನು ಕೈಗೆ ತಂದುಕೊಡುವವು. ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಕುಣಿಯುತ್ತಾ ಬಂದಾಗ ನಿದ್ದೆ ಹೋದವರೂ ಎದ್ದು ಕೂರುತ್ತಾರೆ, ಸರಿ. ಆದರೆ ರಾತ್ರಿಯಿಡೀ ಆಟ ನಡೆಸುವವರು ಭಾಗವತರು, ಚೆಂಡೆ ಮದ್ದಳೆಯವರು. ಇವನು ಭಾಗವತರನ್ನು ಮನೆಗೆ ಕಳಿಸಿ ಇನ್ನೊಂದು ಬಣ್ಣದ ವೇಷ ತಂದಿದ್ದ.

ಒಂದು ಕಾರ್ಡು ಆಡುವುದಕ್ಕೆ ನಿಜಕ್ಕೂ ಒಳ್ಳೆಯದಾ ಅಂತ ತೂಗುವುದು ಹೇಗೆ ಎಂದು ಆವತ್ತು ಮಧ್ಯಾಹ್ನ ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಸ್ವಲ್ಪ ಸರಿಪಡಿಸಿ ಬರೆದಿದ್ದೇನೆ. ಉದಾಹರಣೆಗಳು ಮೂರು ಕಾರ್ಡಾಟಗಳಿಂದ: 1993ರಲ್ಲಿ ಬಂದ ಮ್ಯಾಜಿಕ್, ಜಪಾನಿನಲ್ಲಿ 1996ರಲ್ಲಿ ಶುರುವಾದ ಪೋಕೆಮಾನ್, 1999ರ ಯು-ಗಿ-ಓ. ನೀವು ಬೇರೆ ಆಟ ಆಡುವವರಾದರೂ ಲೆಕ್ಕ ಹೆಚ್ಚೂಕಡಿಮೆ ಇದೇ.

ಮೊದಲು ಬೆಲೆ ಮರೆತುಬಿಡಿ

ಕಾರ್ಡಿಗೆ ಮಾರುಕಟ್ಟೆಯಲ್ಲಿ ಎಷ್ಟು ರೂಪಾಯಿ ಅನ್ನುವುದಕ್ಕೂ ಮೇಜಿನ ಮೇಲೆ ಅದು ಏನು ಮಾಡುತ್ತದೆ ಅನ್ನುವುದಕ್ಕೂ ಸಂಬಂಧ ಬಹಳ ಸಡಿಲ. ಬೆಲೆ ಏರುವುದು ಚಿತ್ರಕ್ಕೆ, ಹೊಳಪಿಗೆ, ಕಡಿಮೆ ಮುದ್ರಣಕ್ಕೆ, ಬಾಲ್ಯದ ನೆನಪಿಗೆ. ಪೋಕೆಮಾನ್‌ನ ಮೊದಲ ಸೆಟ್‌ನ ಚಾರಿಜಾರ್ಡ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಸಂಗ್ರಹಕಾರರು ಅದಕ್ಕಾಗಿ ಹಣ ಸುರಿಯುತ್ತಾರೆ. ಆದರೆ ಆ ಕಾಲದ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದು ಹಿಟ್‌ಮಾನ್‌ಚಾನ್, ಎಲೆಕ್ಟಾಬಜ್ ತುಂಬಿದ ಸೀದಾಸಾದಾ ಡೆಕ್‌ಗಳು, ಅಂದರೆ ಆಡಲು ಕಟ್ಟಿಕೊಂಡ ಕಾರ್ಡಿನ ಕಟ್ಟುಗಳು. ನಮ್ಮವನ ಕೈಯಲ್ಲಿದ್ದದ್ದು ಅದೇ ಹಳೆಯ ಚಾರಿಜಾರ್ಡ್‌ನ ಮರುಮುದ್ರಣ. ಪೋಕೆಮಾನ್‌ಗೆ 25 ವರ್ಷ ತುಂಬಿದ್ದಕ್ಕೆ 2021ರಲ್ಲಿ ಮತ್ತೆ ಅಚ್ಚು ಹಾಕಿದ್ದು.

ನಮ್ಮ ಕರಾವಳಿಯವರಿಗೆ ಒಂದು ಕಿವಿಮಾತು. ಹೊಳೆಯುವ ಫಾಯಿಲ್ ಕಾರ್ಡುಗಳು ಇಲ್ಲಿಯ ತೇವಕ್ಕೆ ಬಾಗುತ್ತವೆ. ಡೆಕ್‌ನಲ್ಲಿ ಎರಡೇ ಕಾರ್ಡು ಬಾಗಿದ್ದರೆ ಹಿಂದಿನಿಂದ ನೋಡಿಯೇ ಯಾವುದು ಅಂತ ಗೊತ್ತಾಗುತ್ತದೆ. ಸ್ಪರ್ಧೆಯಲ್ಲಿ ಅದು ಗುರುತು ಮಾಡಿದ ಕಾರ್ಡು ಅಂತ ತಕರಾರಿಗೆ ದಾರಿ. ಆಡುವುದಕ್ಕೆ ಸಾದಾ ಕಾರ್ಡೇ ವಾಸಿ, ಅಗ್ಗವೂ ಹೌದು.

ಕಾರ್ಡನ್ನು ಗಟ್ಟಿಯಾಗಿ ಓದಿ

ಮನಸ್ಸಿನಲ್ಲೇ ಓದಿದರೆ ನಾವು ಓದಬೇಕೆಂದದ್ದನ್ನೇ ಓದುತ್ತೇವೆ. ಬಾಯಿಬಿಟ್ಟು ಓದಿ. ಯಾವಾಗ ಆಡಬಹುದು, ಯಾರ ಮೇಲೆ ಆಡಬಹುದು, ಆಡುವ ಮೊದಲು ಏನು ತೆರಬೇಕು, ಎಷ್ಟು ಸಲ. ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಕಾರ್ಡು ಕೆಳಗಿಡಬೇಡಿ.

ಯು-ಗಿ-ಓ ಆಡುವವರು ಇದರಲ್ಲಿ ಜಾಸ್ತಿ ಎಡವುತ್ತಾರೆ. ಒಂದು ಕಾರ್ಡಿನಲ್ಲಿ 'ಸರದಿಗೆ ಒಂದು ಸಲ' ಎಂದಿರುತ್ತದೆ. ಇನ್ನೊಂದರಲ್ಲಿ 'ಈ ಹೆಸರಿನ ಕಾರ್ಡಿನ ಪರಿಣಾಮವನ್ನು ಸರದಿಗೆ ಒಂದೇ ಸಲ ಬಳಸಬಹುದು' ಎಂದಿರುತ್ತದೆ. ನೋಡಲು ಎರಡೂ ಒಂದೇ ಥರ. ಆದರೆ ಮೊದಲನೆಯದರ ಎರಡು ಪ್ರತಿ ಮೇಜಿನ ಮೇಲಿದ್ದರೆ ಎರಡನ್ನೂ ಒಂದೊಂದು ಸಲ ಬಳಸಬಹುದು. ಎರಡನೆಯದಕ್ಕೆ ಆ ಭಾಗ್ಯ ಇಲ್ಲ, ಎರಡನೇ ಪ್ರತಿ ಸುಮ್ನೆ ಕೂರುತ್ತದೆ. ನಾನು ಮೂರು ತಿಂಗಳು ಒಂದು ಕಾರ್ಡನ್ನು ತಪ್ಪಾಗಿ ಆಡಿ ಗೆಲ್ಲುತ್ತಿದ್ದೆ. ಮಣಿಪಾಲದ ಹಾಸ್ಟೆಲ್ ಹುಡುಗನೊಬ್ಬ ಕನ್ನಡಕ ಸರಿಮಾಡಿಕೊಂಡು, "ಅಣ್ಣ, ಇದನ್ನೊಮ್ಮೆ ಪೂರ್ತಿ ಓದ್ತೀರಾ?" ಅಂದ ದಿನ ಆ ಗೆಲುವೆಲ್ಲ ನೀರಿಗೆ ಹೋಯಿತು.

ಖರ್ಚು ಯಾವ ಜೇಬಿನಿಂದ ಹೋಗುತ್ತದೆ?

ಪ್ರತಿ ಆಟಕ್ಕೂ ಅದರದ್ದೇ ನಾಣ್ಯ ಇದೆ. ಅದು ಯಾವುದು ಅಂತ ಗೊತ್ತಾಗದೆ ಕಾರ್ಡನ್ನು ತೂಗಲು ಆಗುವುದಿಲ್ಲ.

ಮ್ಯಾಜಿಕ್‌ನಲ್ಲಿ ನಾಣ್ಯ ಎಂದರೆ ಮನಾ. ಕಾರ್ಡಿನ ಮೂಲೆಯಲ್ಲೇ ಬರೆದಿರುತ್ತದೆ, ಹಾಗಾಗಿ ಸುಲಭ. 60 ಕಾರ್ಡಿನ ಡೆಕ್‌ನಲ್ಲಿ ಮನಾ ಕೊಡುವ ಲ್ಯಾಂಡ್ ಕಾರ್ಡು 24 ಇಟ್ಟರೆ 10 ಕಾರ್ಡು ನೋಡುವಷ್ಟರಲ್ಲಿ ಸರಾಸರಿ 4 ಲ್ಯಾಂಡ್ ಸಿಗುತ್ತದೆ. ಸರಾಸರಿ ಎಂದರೆ ಪ್ರತಿ ಸಲ ಅಂತ ಅಲ್ಲ. ಆರು ಮನಾದ ಕಾರ್ಡು ನಾಲ್ಕೈದು ಸರದಿ ಕೈಯಲ್ಲೇ ಕೂತಿರುತ್ತದೆ. ಆ ಹೊತ್ತಿನಲ್ಲಿ ನೀವು ಆಡುತ್ತಿರುವುದು ಒಂದು ಕಾರ್ಡು ಕಡಿಮೆ ಇಟ್ಟುಕೊಂಡು.

ಯು-ಗಿ-ಓದಲ್ಲಿ ಮನಾ ಇಲ್ಲ. ಹಾಗಂತ ಎಲ್ಲವೂ ಪುಕ್ಕಟೆಯೂ ಅಲ್ಲ. ಅಲ್ಲಿಯ ನಾಣ್ಯ ಸರದಿಗೊಂದೇ ಸಿಗುವ ನಾರ್ಮಲ್ ಸಮನ್, ಅಂದರೆ ಕೈಯಿಂದ ಒಬ್ಬ ರಾಕ್ಷಸನನ್ನು ಮೇಜಿಗೆ ಇಳಿಸುವ ಅವಕಾಶ. ಎರಡು ಒಳ್ಳೆಯ ರಾಕ್ಷಸರಿದ್ದು ಇಬ್ಬರಿಗೂ ಅದೇ ಬೇಕಿದ್ದರೆ ಒಬ್ಬ ಹೊರಗೆ ಕಾಯಲೇಬೇಕು. ಅದೇ ಕೆಲಸವನ್ನು ನಾರ್ಮಲ್ ಸಮನ್ ಮುಟ್ಟದೆ ಮಾಡುವ ಕಾರ್ಡು, ನೋಡಲು ಸ್ವಲ್ಪ ಸೋತಂತಿದ್ದರೂ, ನನ್ನ ಪ್ರಕಾರ ಮೇಲು.

ಪೋಕೆಮಾನ್‌ನಲ್ಲಿ ಎರಡು ಜೇಬು. ಸರದಿಗೆ ಒಂದು ಎನರ್ಜಿ, ಅಂದರೆ ಹೊಡೆಯಲು ಬೇಕಾದ ಶಕ್ತಿಯ ಕಾರ್ಡು, ಹಚ್ಚಬಹುದು. ಸಪೋರ್ಟರ್ ಎಂಬ ಬಗೆಯ ಸಹಾಯದ ಕಾರ್ಡನ್ನು ಸರದಿಗೆ ಒಂದೇ ಆಡಬಹುದು. ಎರಡನೆಯದು ಎಷ್ಟು ದುಬಾರಿ ಅಂತ ತಿಳಿಯಲು ಬಿಲ್ ಎಂಬ ಕಾರ್ಡು ನೋಡಿ. ಮೊದಲ ಸೆಟ್‌ನಲ್ಲಿ ಅದು ಸಾದಾ ಟ್ರೇನರ್, ಎರಡು ಕಾರ್ಡು ಎಳೆಯಿರಿ ಅಂತ ಅಷ್ಟೇ. ಕೈಯಲ್ಲಿ ನಾಲ್ಕು ಬಿಲ್ ಇದ್ದರೆ ನಾಲ್ಕನ್ನೂ ಒಂದೇ ಸರದಿಯಲ್ಲಿ ಆಡಬಹುದಿತ್ತು. ಮುಂದೆ ಅದೇ ಹೆಸರಿನ ಕಾರ್ಡು, ಅದೇ ಎರಡು ಕಾರ್ಡಿನ ಲಾಭದೊಂದಿಗೆ, ಸಪೋರ್ಟರ್ ಆಗಿ ಬಂತು. ಲಾಭ ಒಂದು ಚೂರೂ ಬದಲಾಗಿಲ್ಲ. ಆದರೆ ಅದೇ ಸಪೋರ್ಟರ್ ಜಾಗದಲ್ಲಿ ಪ್ರೊಫೆಸರ್ಸ್ ರಿಸರ್ಚ್ ಆಡಿದರೆ ಕೈಯಲ್ಲಿದ್ದದ್ದನ್ನು ಬಿಸಾಡಿ ಏಳು ಹೊಸ ಕಾರ್ಡು ಎಳೆಯಬಹುದು. ಏಳು ಕೊಡುವವರು ಇರುವ ಬಾಗಿಲಿಗೆ ಎರಡು ಕೊಡುವವನನ್ನು ಯಾರು ಕರೆಯುತ್ತಾರೆ?

ಮೂರನೇ ಜೇಬು ಎಲ್ಲ ಆಟಕ್ಕೂ ಇದೆ: ಕೈಯಲ್ಲಿರುವ ಕಾರ್ಡುಗಳೇ. ಅಲ್ಟ್ರಾ ಬಾಲ್ ಆಡಲು ಬೇರೆ ಎರಡು ಕಾರ್ಡು ಬಿಸಾಡಬೇಕು, ಬದಲಿಗೆ ಡೆಕ್‌ನಿಂದ ಬೇಕಾದ ಒಂದು ಪೋಕೆಮಾನ್ ಸಿಗುತ್ತದೆ. ಮೂರು ಕೊಟ್ಟು ಒಂದು ತಗೊಂಡ ಹಾಗೆ. ಬರೀ ಎಣಿಕೆ ಹಿಡಿದರೆ ಇದು ನಷ್ಟದ ವ್ಯಾಪಾರ. ಆದರೆ ಬಿಸಾಡಿದ ಎರಡು ಈ ಆಟದಲ್ಲಿ ಹೇಗೂ ಬೇಡದ್ದಾಗಿ, ಸಿಕ್ಕ ಒಂದು ಇದೇ ಸರದಿಗೆ ಬೇಕಾದದ್ದಾದರೆ ಲೆಕ್ಕ ತಿರುಗುತ್ತದೆ. ಎಣಿಸಿ, ಆದರೆ ಎಣಿಕೆಯನ್ನೇ ನಂಬಿ ಕೂರಬೇಡಿ.

ನಾಲ್ಕನೇ ಜೇಬು ಲೈಫ್, ಅಂದರೆ ಸೊನ್ನೆಗೆ ಇಳಿದರೆ ಆಟ ಸೋಲುವ ಅಂಕ. ಹೊಸಬರು ಇದನ್ನು ಮುಟ್ಟಲು ಹೆದರುತ್ತಾರೆ. 1995ರಲ್ಲಿ ಮ್ಯಾಜಿಕ್‌ನ ಐಸ್ ಏಜ್ ಸೆಟ್‌ನಲ್ಲಿ ನೆಕ್ರೊಪೊಟೆನ್ಸ್ ಎಂಬ ಕಾರ್ಡು ಬಂತು. ಪ್ರತಿ ಸರದಿ ಸಿಗುವ ಒಂದು ಕಾರ್ಡನ್ನು ಬಿಡಬೇಕು, ಬದಲಿಗೆ ಒಂದು ಲೈಫ್ ಕೊಟ್ಟರೆ ಒಂದು ಕಾರ್ಡು, ಎಷ್ಟು ಬೇಕಾದರೂ. ತನ್ನ ಲೈಫ್ ತಾನೇ ಕಳೆದುಕೊಳ್ಳುವುದಾ ಅಂತ ಮೊದಲು ತುಂಬ ಜನ ಮೂಗು ಮುರಿದರು. 1996ರ ಬೇಸಿಗೆಯ ಸ್ಪರ್ಧೆಗಳಲ್ಲಿ ಎತ್ತ ನೋಡಿದರೂ ಅದೇ ಕಾರ್ಡು. ಆ ಬೇಸಿಗೆಗೆ 'ಬ್ಲ್ಯಾಕ್ ಸಮ್ಮರ್' ಎಂಬ ಹೆಸರೇ ಬಿತ್ತು. 20 ಲೈಫ್‌ನಲ್ಲಿ ಕೊನೆಯದೊಂದು ಉಳಿದರೂ ನೀವು ಸತ್ತಿಲ್ಲ. ಉಳಿದ 19 ಖರ್ಚಿಗೆ ಇರುವ ಹಣ.

ಒಂದೇ ಬೆಲೆಯ ಐದು ಕಾರ್ಡು

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಮ್ಯಾಜಿಕ್‌ನ ಮೊದಲ ಸೆಟ್‌ನಲ್ಲಿ ಐದು ಬಣ್ಣಕ್ಕೆ ಒಂದೊಂದರಂತೆ ಐದು ಕಾರ್ಡುಗಳಿವೆ. ಎಲ್ಲದಕ್ಕೂ ಒಂದೇ ಮನಾ. ಎಲ್ಲವೂ ಯಾವುದಾದರೊಂದನ್ನು ಮೂರು ಕೊಡುತ್ತವೆ. ಹೀಲಿಂಗ್ ಸಾಲ್ವ್ 3 ಲೈಫ್ ಕೊಡುತ್ತದೆ, ಇಲ್ಲವೇ 3 ಪೆಟ್ಟು ತಡೆಯುತ್ತದೆ. ಜೈಂಟ್ ಗ್ರೋತ್ ಒಂದು ಕ್ರೀಚರ್‌ಗೆ (ನಮ್ಮ ಪರ ಹೋರಾಡುವ ಪ್ರಾಣಿಗೆ) ಆ ಸರದಿಗೆ ಮಾತ್ರ +3/+3, ಅಂದರೆ ಹೊಡೆಯುವ ಬಲ ಮೂರು, ತಾಳುವ ಬಲ ಮೂರು ಹೆಚ್ಚು. ಡಾರ್ಕ್ ರಿಚುಯಲ್ 3 ಕಪ್ಪು ಮನಾ. ಲೈಟ್ನಿಂಗ್ ಬೋಲ್ಟ್ ಯಾರಿಗೆ ಬೇಕಾದರೂ 3 ಪೆಟ್ಟು. ಆನ್ಸೆಸ್ಟ್ರಲ್ ರೀಕಾಲ್ 3 ಕಾರ್ಡು.

ನನ್ನ ಅಳಿಯನ ಮುಂದೆ ಈ ಐದನ್ನೂ ಕಾಗದದಲ್ಲಿ ಬರೆದು, ಯಾವುದು ಮೇಲು ಅಂತ ಸಾಲಾಗಿ ಇಡು ಅಂದೆ. ಅವನು ಜೈಂಟ್ ಗ್ರೋತ್ ಮೊದಲಿಟ್ಟ. ಹೆಸರು ದೊಡ್ಡದು ನೋಡಿ.

ಈಗ ಒಂದೊಂದಾಗಿ. ಹೀಲಿಂಗ್ ಸಾಲ್ವ್ ಆಡಿದ ಮೇಲೆ ಮೇಜಿನ ಮೇಲೆ ಏನು ಬದಲಾಯಿತು? ಎದುರಾಳಿಯ ಕ್ರೀಚರ್ ಅಲ್ಲೇ ನಿಂತಿದೆ, ನಾಳೆಯೂ ಹೊಡೆಯುತ್ತದೆ. ನಿಮ್ಮ ಕೈಯಲ್ಲಿ ಒಂದು ಕಾರ್ಡು ಕಡಿಮೆ. ತೊಂದರೆ ಮುಂದೆ ಹೋಯಿತೇ ಹೊರತು ತೀರಲಿಲ್ಲ. ಲೈಟ್ನಿಂಗ್ ಬೋಲ್ಟ್ ಅದೇ ಮೂರನ್ನು ಇಟ್ಟುಕೊಂಡು ಆ ಕ್ರೀಚರನ್ನೇ ಮುಗಿಸುತ್ತದೆ. ನಿಮ್ಮದೊಂದು ಹೋಯಿತು, ಅವರದೊಂದು ಹೋಯಿತು. ಅವರು ಮೂರು ಮನಾ ಸುರಿದು ತಂದದ್ದನ್ನು ನೀವು ಒಂದು ಮನಾದಲ್ಲಿ ತೆಗೆದರೆ ಎರಡು ಮನಾ ಲಾಭ. ಆಟದ ಕೊನೆಗೆ ಅದೇ ಕಾರ್ಡು ನೇರ ಎದುರಾಳಿಗೆ ಬೀಳುತ್ತದೆ. ಬಂದು 30 ವರ್ಷ ದಾಟಿದರೂ ಜನ ಇನ್ನೂ ಆಡುತ್ತಾರೆ.

ಜೈಂಟ್ ಗ್ರೋತ್‌ಗೆ ಜೊತೆಗಾರ ಬೇಕು. ಮೇಜಿನ ಮೇಲೆ ನಿಮ್ಮ ಕ್ರೀಚರ್ ಇಲ್ಲದಿದ್ದರೆ ಅದು ಬರೀ ಕಾಗದ. ಇದ್ದರೂ, ನೀವು ಗ್ರೋತ್ ಆಡಿದ ಕ್ಷಣಕ್ಕೆ ಎದುರಾಳಿ ಆ ಕ್ರೀಚರನ್ನೇ ಕೊಂದರೆ ಒಂದು ಕಾರ್ಡಿಗೆ ನಿಮ್ಮದು ಎರಡು ಹೋದವು. ಡಾರ್ಕ್ ರಿಚುಯಲ್ ಮೊದಲ ಸರದಿಯಲ್ಲಿ ಬೆಂಕಿ. ಮೂರನೇ ಸರದಿಯಲ್ಲಿ ಬರಬೇಕಾದದ್ದು ಮೊದಲನೆಯದಕ್ಕೇ ಬರುತ್ತದೆ, ನೆಕ್ರೊಪೊಟೆನ್ಸ್ ಕೂಡ ಹಾಗೇ. ಹತ್ತನೇ ಸರದಿಯಲ್ಲಿ ಕೈ ಖಾಲಿ ಇದ್ದಾಗ ಅದನ್ನು ಎಳೆದರೆ ಏನೂ ಇಲ್ಲ.

ಆನ್ಸೆಸ್ಟ್ರಲ್ ರೀಕಾಲ್? ಒಂದು ಕೊಟ್ಟು ಮೂರು. ಮೊದಲ ಸರದಿಯಲ್ಲೂ ಸರಿ, ಹತ್ತನೆಯದರಲ್ಲೂ ಸರಿ, ಸೋಲುವಾಗಲೂ ಸರಿ. ಐದರಲ್ಲಿ ಇದೊಂದನ್ನೇ ಅಪರೂಪದ ಕಾರ್ಡಾಗಿ ಮುದ್ರಿಸಿದ್ದರು, ಅಂದರೆ ಮಾಡಿದವರಿಗೂ ಅನುಮಾನ ಇತ್ತು. ಇವತ್ತು ವಿಂಟೇಜ್ ಬಗೆಯ ಆಟದಲ್ಲಿ ಡೆಕ್‌ಗೆ ಒಂದೇ ಪ್ರತಿ. ಲೆಗಸಿ ಎಂಬ ಬಗೆಯಲ್ಲಿ ಪೂರ್ತಿ ನಿಷೇಧ. ಯು-ಗಿ-ಓದ ಪಾಟ್ ಆಫ್ ಗ್ರೀಡ್ ಕಥೆಯೂ ಇದೇ. ಖರ್ಚಿಲ್ಲದೆ ಎರಡು ಕಾರ್ಡು ಎಳೆಯಿರಿ ಎನ್ನುವ ಆ ಒಂದು ಸಾಲಿನ ಕಾರ್ಡು ನಿಷೇಧದ ಪಟ್ಟಿಯಲ್ಲಿದೆ.

ಹೊಸ ಕಾರ್ಡು ಕೈಗೆ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಹುಟ್ಟಿದ್ದು ಈ ಐದರಿಂದಲೇ: ಇದು ಯಾವ ಹೊತ್ತಿನಲ್ಲಿ ಬರೀ ಕಾಗದ? ಒಳ್ಳೆಯ ದಿನದಲ್ಲಿ ಏನು ಮಾಡುತ್ತದೆ ಅಂತ ಕಾರ್ಡೇ ಕಿರುಚಿ ಹೇಳುತ್ತದೆ. ಕೆಟ್ಟ ದಿನವನ್ನು ನಾವೇ ಹುಡುಕಬೇಕು.

ಡೆಕ್‌ನಿಂದ ಹೊರಗೆ ಹೋಗುವ ಕಾರ್ಡಿನ ಜೊತೆ ಹೋಲಿಸಿ

'ಈ ಕಾರ್ಡು ಒಳ್ಳೆಯದಾ?' ಅನ್ನುವುದು ಅರ್ಧ ಪ್ರಶ್ನೆ. ಡೆಕ್‌ನಲ್ಲಿ 60 ಜಾಗ, ಎಲ್ಲವೂ ಭರ್ತಿ. ಇದು ಒಳಗೆ ಬರಬೇಕಾದರೆ ಯಾವುದೋ ಒಂದು ಇಳಿಯಬೇಕು. ಇಳಿಯುವ ಕಾರ್ಡನ್ನು ತೆಗೆದು ಪಕ್ಕದಲ್ಲಿಡಿ, ಆಮೇಲೆ ಮಾತಾಡಿ.

ಹೊಸಬರಿಗೆ ಒಂದು ಅಳತೆಗೋಲು ಬೇಕಾದರೆ ಆಟದ ಅತಿ ಸಾದಾ ಕಾರ್ಡನ್ನು ಹಿಡಿಯಿರಿ. ಮ್ಯಾಜಿಕ್‌ನಲ್ಲಿ ಗ್ರಿಜ್ಲಿ ಬೇರ್ಸ್ ಎರಡು ಮನಾಕ್ಕೆ 2/2, ಬೇರೇನೂ ಬರೆದಿಲ್ಲ. ಎರಡು ಮನಾಕ್ಕೆ 2/2 ಜೊತೆಗೆ ಇನ್ನೊಂದು ಉಪಯೋಗ ಇದ್ದರೆ ಆ ಉಪಯೋಗ ಪುಕ್ಕಟೆ ಸಿಕ್ಕಿತು. ಎರಡು ಮನಾಕ್ಕೆ 1/1 ಆಗಿದ್ದರೆ ಬರೆದಿರುವ ಉಪಯೋಗಕ್ಕೆ ನೀವು ಮೈಬಲದಲ್ಲಿ ಬೆಲೆ ತೆತ್ತಿದ್ದೀರಿ. ತೆತ್ತದ್ದು ಸರಿಯಾ ಅಂತ ನೋಡಿ. ಶಾಕ್ ಎಂಬ ಕಾರ್ಡು ಒಂದು ಮನಾಕ್ಕೆ 2 ಪೆಟ್ಟು, ಬೋಲ್ಟ್‌ಗಿಂತ ಸೀದಾ ಒಂದು ಕಡಿಮೆ. ಹಾಗಂತ ಶಾಕ್ ಕಸವಲ್ಲ. ನೀವು ಆಡುವ ಬಗೆಯಲ್ಲಿ ಬೋಲ್ಟ್‌ಗೆ ಜಾಗವೇ ಇಲ್ಲದಿದ್ದರೆ ಶಾಕ್ ಚೆನ್ನಾಗೇ ಓಡುತ್ತದೆ.

ನಾಲ್ಕು ಹೊತ್ತಿನಲ್ಲಿ ನಿಲ್ಲಿಸಿ ನೋಡಿ

ಮ್ಯಾಜಿಕ್ ಆಟಗಾರರಲ್ಲಿ ಬಳಕೆಯಲ್ಲಿರುವ ಒಂದು ಒಳ್ಳೆಯ ಪದ್ಧತಿ ಇದು. ಕಾರ್ಡನ್ನು ನಾಲ್ಕು ಸನ್ನಿವೇಶದಲ್ಲಿ ಕಲ್ಪಿಸಿಕೊಳ್ಳಿ: ಆಟ ಈಗಷ್ಟೇ ಶುರುವಾಗಿದೆ. ಇಬ್ಬರೂ ಸಮಬಲ, ಯಾರೂ ಮುಂದೆ ಹೋಗುತ್ತಿಲ್ಲ. ನೀವು ಗೆಲ್ಲುತ್ತಿದ್ದೀರಿ. ನೀವು ಸೋಲುತ್ತಿದ್ದೀರಿ. ಪ್ರತಿಯೊಂದರಲ್ಲೂ ಈಗ ಇದೇ ಕಾರ್ಡು ಕೈಗೆ ಬಂದರೆ ಖುಷಿಯಾ, ಬೇಜಾರಾ?

ಗೆಲ್ಲುತ್ತಿರುವಾಗ ಮಾತ್ರ ಖುಷಿ ಕೊಡುವ ಕಾರ್ಡುಗಳ ಬಗ್ಗೆ ಜಾಗ್ರತೆ. ಹೊಟ್ಟೆ ತುಂಬಿದ ಮೇಲೆ ಬಡಿಸುವ ಹೋಳಿಗೆ ಅದು. ರುಚಿ ಇದೆ, ಆದರೆ ಊಟ ಅದರಿಂದ ಆಗಲಿಲ್ಲ. ಇಂಥ ಕಾರ್ಡುಗಳೇ ನೆನಪಲ್ಲಿ ಉಳಿಯುತ್ತವೆ, ಯಾಕೆಂದರೆ ಅವು ಬಂದಾಗಲೆಲ್ಲ ನಾವು ಗೆದ್ದಿರುತ್ತೇವೆ. ಅವಿಲ್ಲದಿದ್ದರೂ ಗೆಲ್ಲುತ್ತಿದ್ದೆವು ಎಂಬುದು ಹೊಳೆಯುವುದಿಲ್ಲ.

ಎರಡು ಚಾರಿಜಾರ್ಡ್‌ಗಳನ್ನು ಈ ನಾಲ್ಕು ಹೊತ್ತಿಗೆ ಹಚ್ಚಿ ನೋಡಿದೆವು. ಹಳೆಯದು ಮೊದಲು. 120 ಎಚ್‌ಪಿ, ಅಂದರೆ ಅಷ್ಟು ಪೆಟ್ಟು ಬಿದ್ದರೆ ಸಾಯುತ್ತದೆ. ಹೊಡೆತ 100. ಆ ಕಾಲಕ್ಕೆ ಭಯಂಕರ ಸಂಖ್ಯೆ. ಆದರೆ ಅದು ಸ್ಟೇಜ್ 2. ಚಾರ್ಮ್ಯಾಂಡರ್ ಇಟ್ಟು, ಬೆಳೆಸಿ, ಮತ್ತೆ ಬೆಳೆಸಬೇಕು. ಹೊಡೆಯಲು ನಾಲ್ಕು ಎನರ್ಜಿ ಬೇಕು. ಸರದಿಗೆ ಒಂದೇ ಹಚ್ಚಲು ಸಾಧ್ಯ. ಪ್ರತಿ ಸಲ ಹೊಡೆದಾಗ ಎರಡು ಎನರ್ಜಿ ಬಿಸಾಡಬೇಕು. ಅಂದರೆ ಬೇರೆ ಸಹಾಯ ಇಲ್ಲದಿದ್ದರೆ ಎರಡು ಸರದಿಗೊಂದು ಹೊಡೆತ. ಅಷ್ಟರಲ್ಲಿ ಎದುರಿನ ಹಿಟ್‌ಮಾನ್‌ಚಾನ್, ಬೆಳೆಯುವ ಗೋಜಿಲ್ಲದೆ, ಒಂದೇ ಎನರ್ಜಿ ಇಟ್ಟುಕೊಂಡು 20, 20, 20 ಅಂತ ಚಾರ್ಮ್ಯಾಂಡರನ್ನು ಮೊದಲೇ ಮುಗಿಸಿರುತ್ತದೆ. ಆಟದ ಶುರುವಿಗೆ: ಬೇಜಾರು. ಸಮಬಲಕ್ಕೆ: ಪರವಾಗಿಲ್ಲ. ಗೆಲ್ಲುವಾಗ: ಖುಷಿ, ಆದರೆ ಬೇಕಿರಲಿಲ್ಲ. ಸೋಲುವಾಗ: ಕಟ್ಟಿ ಮುಗಿಸಲು ಪುರಸೊತ್ತೇ ಇಲ್ಲ.

ಇನ್ನೊಂದು 2023ರ ಒಬ್ಸಿಡಿಯನ್ ಫ್ಲೇಮ್ಸ್ ಸೆಟ್‌ನ ಚಾರಿಜಾರ್ಡ್ ಇಎಕ್ಸ್. ಅದೂ ಸ್ಟೇಜ್ 2. 330 ಎಚ್‌ಪಿ. ಆದರೆ ರೇರ್ ಕ್ಯಾಂಡಿ ಇದ್ದರೆ ನಡುವಿನ ಚಾರ್ಮೀಲಿಯನ್ ಬೇಡ. ಕೈಯಿಂದ ಇಟ್ಟು ಬೆಳೆಸಿದ ಕೂಡಲೇ ಡೆಕ್‌ನಿಂದ ಮೂರರವರೆಗೆ ಬೆಂಕಿ ಎನರ್ಜಿ ಹುಡುಕಿ ಹಚ್ಚಬಹುದು. ಹೊಡೆಯಲು ಬೇಕಾದದ್ದು ಎರಡೇ. ತನ್ನ ಖರ್ಚನ್ನು ತಾನೇ ಹೊತ್ತು ತರುವ ಕಾರ್ಡು ಇದು. ಹೊಡೆತ 180. ನಮ್ಮ ಪೋಕೆಮಾನ್ ಸತ್ತಾಗ ಎದುರಾಳಿ ಪ್ರೈಜ್ ಕಾರ್ಡು ತೆಗೆಯುತ್ತಾರೆ, ಆರೂ ತೆಗೆದರೆ ಗೆದ್ದರು. ಅವರು ತೆಗೆದುಕೊಂಡ ಒಂದೊಂದು ಪ್ರೈಜ್ ಕಾರ್ಡಿಗೆ ಇನ್ನೂ 30. ಅವರು ಐದು ತೆಗೆದು ಕೊನೆಯದೊಂದಕ್ಕೆ ಕಾಯುತ್ತಿರುವಾಗ ಇದರ ಪೆಟ್ಟು 330. ಸೋಲುತ್ತಿರುವ ಹೊತ್ತಿಗೆ ಜಾಸ್ತಿ ಬಲ! ಇಎಕ್ಸ್ ಆದ್ದರಿಂದ ಸತ್ತರೆ ಎರಡು ಪ್ರೈಜ್ ಕೊಡಬೇಕು, ಆ ಕೊರತೆ ಇದ್ದೇ ಇದೆ. ಆದರೂ ನಾಲ್ಕರಲ್ಲಿ ಮೂರು ಹೊತ್ತಿಗೆ ಖುಷಿ.

ಹೆಸರು ಒಂದೇ, ಚಿತ್ರದಲ್ಲಿರುವ ಪ್ರಾಣಿ ಒಂದೇ. ಹುಡುಗ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡುತ್ತಾ ಕೂತ. ಅಷ್ಟರಲ್ಲಿ ಒಳಗಿನಿಂದ ಗೋಳಿಬಜೆ ಬಂತು, ಎಣ್ಣೆ ಕೈಯಲ್ಲಿ ಕಾರ್ಡು ಮುಟ್ಟಬೇಡ ಅಂತ ಗದರಿಸಬೇಕಾಯಿತು.

ಕೈಗೆ ಬರುವುದು ಎಷ್ಟು ಸಲ?

ಇಲ್ಲಿ ಸ್ವಲ್ಪ ಗಣಿತ ಇದೆ, ಹೆದರಬೇಡಿ, ನಾನೇ ಮಾಡಿಟ್ಟಿದ್ದೇನೆ.

60 ಕಾರ್ಡಿನ ಡೆಕ್‌ನಲ್ಲಿ 4 ಪ್ರತಿ ಇಟ್ಟರೆ ಮೊದಲ 7 ಕಾರ್ಡಿನಲ್ಲಿ ಒಂದಾದರೂ ಬರುವ ಸಾಧ್ಯತೆ ಶೇಕಡ 40. ಮ್ಯಾಜಿಕ್‌ನಲ್ಲಿ ಮೊದಲು ಆಡುವವರು ನಾಲ್ಕನೇ ಸರದಿಗೆ ಬರುವಾಗ 10 ಕಾರ್ಡು ನೋಡಿರುತ್ತಾರೆ. ಆಗ ಶೇಕಡ 53. ನಾಲ್ಕು ಪ್ರತಿ ಇಟ್ಟರೂ ಅರ್ಧದಷ್ಟು ಆಟಗಳಲ್ಲಿ ಆ ಹೊತ್ತಿಗೆ ಅದರ ಮುಖ ಕಂಡಿರುವುದಿಲ್ಲ. ಒಂದೇ ಪ್ರತಿ ಇಟ್ಟರೆ 10 ಕಾರ್ಡಿನಲ್ಲಿ ಅದು ಬರುವುದು ಶೇಕಡ 17ರಷ್ಟು. ಯು-ಗಿ-ಓದಲ್ಲಿ 40 ಕಾರ್ಡಿಗೆ 3 ಪ್ರತಿ, ಮೊದಲ ಕೈ 5: ಶೇಕಡ 34.

ಈಗ ಕಾಂಬೋ ಹುಚ್ಚಿನವರು ಕೇಳಿ. ಎರಡು ಬೇರೆ ಬೇರೆ ಕಾರ್ಡು ಜೊತೆಯಾಗಿ ಬಂದರೆ ಮಾತ್ರ ಕೆಲಸ ಮಾಡುವ ಜೋಡಿ ನಿಮ್ಮದು ಅಂತಿಟ್ಟುಕೊಳ್ಳಿ. 60ರಲ್ಲಿ ಒಂದೊಂದೂ ನಾಲ್ಕು ಪ್ರತಿ. ಮೊದಲ 7ರಲ್ಲಿ ಎರಡೂ ಒಟ್ಟಿಗೆ ಇರುವ ಸಾಧ್ಯತೆ ಸುಮಾರು ಶೇಕಡ 15 ಮಾತ್ರ. 40ರಲ್ಲಿ ಮೂರು ಮೂರು ಇಟ್ಟು 5 ಎಳೆದರೆ ಶೇಕಡ 10ರಷ್ಟು. ಹಾಗಾದರೆ ಉಳಿದ ಆಟಗಳಲ್ಲಿ ಆ ಎರಡು ಕಾರ್ಡು ಒಂಟಿಯಾಗಿ ಏನು ಮಾಡುತ್ತವೆ? ಒಂಟಿಯಾಗಿಯೂ ಸುಮಾರಾಗಿ ದುಡಿಯುವುದಾದರೆ ಇಡಿ. ಒಂಟಿಯಾದರೆ ಬರೀ ಕಾಗದ ಅನ್ನುವುದಾದರೆ ಜೋಡಿಯನ್ನು ಹುಡುಕಿ ತರುವ ಕಾರ್ಡುಗಳಿಗೂ ಜಾಗ ಮಾಡಬೇಕು. ಆ ಜಾಗದ ಖರ್ಚನ್ನೂ ಕಾಂಬೋ ಲೆಕ್ಕಕ್ಕೇ ಬರೆಯಿರಿ. ಹುಡುಕಿ ತರುವ ಕಾರ್ಡುಗಳಿಗೆ ಬೆಲೆ ಬರುವುದೇ ಹೀಗೆ. ನಾಲ್ಕು ಅಲ್ಟ್ರಾ ಬಾಲ್ ಇದ್ದರೆ ಡೆಕ್‌ನಲ್ಲಿ ಒಂದೇ ಇರುವ ಪೋಕೆಮಾನ್ ಕೂಡ ಐದು ಇದ್ದ ಹಾಗೆ ಆಡುತ್ತದೆ.

ಪೋಕೆಮಾನ್‌ನವರಿಗೆ ಇನ್ನೊಂದು. ಆಟದ ಶುರುವಿಗೆ 6 ಕಾರ್ಡು ಪ್ರೈಜ್ ಆಗಿ ಮಗುಚಿ ಬೀಳುತ್ತವೆ. 60ರಲ್ಲಿ 6, ಅಂದರೆ ನಿಮ್ಮ ಒಂಟಿ ಕಾರ್ಡು ಹತ್ತು ಆಟಕ್ಕೆ ಒಂದು ಸಲ ಅಲ್ಲಿ ಸಿಕ್ಕಿಕೊಂಡಿರುತ್ತದೆ. ಅದಿಲ್ಲದೆ ಡೆಕ್ ಓಡುವುದೇ ಇಲ್ಲ ಎಂದಾದರೆ ಎರಡನೇ ಪ್ರತಿ ಇಡಿ.

ಎದುರಿಗೆ ಕೂರುವವರು ಯಾರು?

ಆಟಿ ತಿಂಗಳಲ್ಲಿ ಚೆನ್ನೆಮಣೆ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಂಜೊಟ್ಟಿ ಕಾಯಿ ಎಲ್ಲವೂ ಒಂದೇ. ಅದು ಯಾವ ಗುಳಿಯಲ್ಲಿದೆ, ಆಚೆ ಮಗ್ಗುಲಲ್ಲಿ ಎಷ್ಟಿದೆ ಎಂಬುದೇ ಲೆಕ್ಕ.

ಮ್ಯಾಜಿಕ್‌ನ ಡೂಮ್ ಬ್ಲೇಡ್ ಎರಡು ಮನಾಕ್ಕೆ ಕಪ್ಪಲ್ಲದ ಯಾವ ಕ್ರೀಚರನ್ನಾದರೂ ಕೊಲ್ಲುತ್ತದೆ. ಭಾರೀ ಅಗ್ಗ. ಆದರೆ ನಿಮ್ಮ ಗುಂಪಿನ ಐವರಲ್ಲಿ ಮೂವರು ಕಪ್ಪು ಡೆಕ್‌ನವರಾದರೆ? ಆಗ ಮೂರು ಮನಾದ ಮರ್ಡರ್ ಮೇಲು, ಅದು ಬಣ್ಣ ನೋಡುವುದಿಲ್ಲ. ವಿದೇಶದ ಸ್ಪರ್ಧೆಯಲ್ಲಿ ಗೆದ್ದ ಡೆಕ್ ನೋಡಿ ಕಾರ್ಡು ಕೊಳ್ಳುವವರು ಇದನ್ನು ಮರೆಯುತ್ತಾರೆ. ಅಲ್ಲಿ ಆ ಕಾರ್ಡು ಇದ್ದದ್ದು ಅಲ್ಲಿಯ ಎದುರಾಳಿಗಳಿಗಾಗಿ. ನೀವು ಆಡುವುದು ಬಲ್ಮಠದ ಗೆಳೆಯನ ಮನೆಯ ಊಟದ ಮೇಜಿನ ಮೇಲೆ, ಅದೇ ನಾಲ್ಕು ಜನರ ಜೊತೆ, ಅಲ್ವಾ? ಅವರ ಡೆಕ್‌ಗಳನ್ನು ಪಟ್ಟಿ ಮಾಡಿ. ಈ ಕಾರ್ಡು ಎಷ್ಟು ಜನರ ಎದುರು ದುಡಿಯುತ್ತದೆ ಅಂತ ಎಣಿಸಿ. ಒಬ್ಬನಿಗೆ ಮಾತ್ರ ಮದ್ದಾಗುವ ಕಾರ್ಡು ಡೆಕ್‌ಗೆ ಬೇಡ. ಮ್ಯಾಜಿಕ್ ಆದರೆ ಆಟಗಳ ನಡುವೆ ಬದಲಿಸಿಕೊಳ್ಳಲು ಪಕ್ಕದಲ್ಲಿಡುವ 15 ಕಾರ್ಡಿನ ಸೈಡ್‌ಬೋರ್ಡ್‌ನಲ್ಲಿ ಇಡಿ.

ಸ್ಪರ್ಧೆಗೆ ಹೋಗುವವರು ಕಾರ್ಡು ಇನ್ನೂ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿ. ಈಚಿನ ಪೋಕೆಮಾನ್ ಕಾರ್ಡುಗಳ ಕೆಳಗಿನ ಎಡಮೂಲೆಯಲ್ಲಿ ಒಂದು ಅಕ್ಷರ ಇರುತ್ತದೆ, ಅದರ ಮೇಲೆಯೇ ಅದು ನಿರ್ಧಾರ.

ಚೀಟಿ ಬರೆದು ಆಡಿ ನೋಡಿ

ದುಡ್ಡು ಕೊಡುವ ಮೊದಲು ಇದೊಂದು ಮಾಡಿ. ಕಾಗದದ ಚೀಟಿಯಲ್ಲಿ ಕಾರ್ಡಿನ ಹೆಸರು, ಖರ್ಚು, ಕೆಲಸ ಬರೆದು ಯಾವುದಾದರೂ ಬೇಡದ ಕಾರ್ಡಿನ ಮುಂದೆ ಅದರ ಪ್ಲಾಸ್ಟಿಕ್ ಸ್ಲೀವ್‌ನಲ್ಲಿ ತುರುಕಿ. ಸ್ಪರ್ಧೆಯಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಸುಮ್ನೆ ಹತ್ತು ಆಟ ಆಡಿದರೆ ಸಾಲದು. ಮೇಲಿನ ಲೆಕ್ಕ ನೆನಪಿದೆಯಲ್ಲ, ಅದರಲ್ಲಿ ಐದರಲ್ಲಿ ಮಾತ್ರ ಕಾರ್ಡು ಬೇಗ ಕೈಗೆ ಬರುತ್ತದೆ. ಅದಕ್ಕೆ ನಾನು ಮೋಸ ಮಾಡುತ್ತೇನೆ. ಐದು ಆಟ ಮೊದಲ ಕೈಯಲ್ಲೇ ಒಂದು ಪ್ರತಿ ಇಟ್ಟುಕೊಂಡು ಶುರು ಮಾಡುವುದು. ಇನ್ನೈದು ಆಟ, ನಾನು ಹಿಂದೆ ಬಿದ್ದಿದ್ದೇನೆ ಅನ್ನಿಸಿದ ಸರದಿಯಲ್ಲಿ ಡೆಕ್‌ನ ಬದಲು ಅದನ್ನೇ ಎಳೆದುಕೊಳ್ಳುವುದು. ಪ್ರತಿ ಆಟದ ಕೊನೆಗೆ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: ಆಡಿದೆನಾ, ಎಷ್ಟು ಸರದಿ ಕೈಯಲ್ಲಿ ಕೊಳೆಯಿತು, ಅದರ ಜಾಗದಲ್ಲಿ ಇಳಿದುಹೋದ ಕಾರ್ಡೇ ಇದ್ದಿದ್ದರೆ ಚೆನ್ನಾಗಿತ್ತಾ. ಗೆದ್ದೆನಾ ಸೋತೆನಾ ಬರೆಯುವುದಿಲ್ಲ. ಬರೆದರೆ ಗೆದ್ದ ಆಟದ ಕಾರ್ಡೆಲ್ಲ ಒಳ್ಳೆಯದಾಗಿಯೇ ಕಾಣುತ್ತದೆ.

ನಮ್ಮ ಹುಡುಗನ ಪುಟದಲ್ಲಿ ಹಳೆಯ ಚಾರಿಜಾರ್ಡ್ ಎದುರು ಹತ್ತರಲ್ಲಿ ಏಳು ಸಲ 'ಕೊಳೆಯಿತು' ಎಂದಿತ್ತು. ಎಂಟನೇ ಸಾಲಿನಲ್ಲಿ ಮಾತ್ರ, 'ಆಡಿದೆ, ಒಂದೇ ಹೊಡೆತಕ್ಕೆ ಎದುರಿನದ್ದು ಸತ್ತಿತು, ಭಾರೀ ಖುಷಿ' ಅಂತ ಎರಡು ಗೆರೆ ಎಳೆದು ಬರೆದಿದ್ದ.

ಮುಂದಿನ ಭಾನುವಾರ ಬಂದಾಗ ಅವನ ಡಬ್ಬಿಯಲ್ಲಿ ಎರಡೂ ಪ್ರೊಫೆಸರ್ಸ್ ರಿಸರ್ಚ್ ವಾಪಸ್ ಬಂದಿದ್ದವು. ಬದಲಿಗೆ ಹೊಳೆಯುವ ಬೇರೆ ಯಾವುದೋ ಕಾರ್ಡು ಕೊಟ್ಟನಂತೆ. ಅಲ್ಟ್ರಾ ಬಾಲ್‌ಗೆ ಇನ್ನೂ ಚೌಕಾಸಿ ನಡೆಯುತ್ತಿದೆ. ಚಾರಿಜಾರ್ಡ್ ಅವನ ಓದುವ ಮೇಜಿನ ಗಾಜಿನಡಿ ಇದೆ, ಬಾಗದ ಹಾಗೆ ಮೇಲೆ ಒಂದು ಡಿಕ್ಷನರಿ ಇಟ್ಟಿದ್ದಾನೆ.